ಶಾಸಕನನ್ನು ಅಳೆಯುವ ಕೊಳಗ

ಶಾಸನಸಭೆಗೆ ಹೋಗಿ ಬಂದವರ ಸಂಖ್ಯೆ ನಮ್ಮ ನಾಡಿನಲ್ಲಿ ಸಣ್ಣದಲ್ಲ. ಆರಿಸಿ ಬಂದ ದಿನ ಹೂಮಾಲೆ, ಮಂತ್ರಿಪದವಿ ದೊರೆತ ದಿನ ಮೆರವಣಿಗೆ, ಪದವಿ ಹೋದ ದಿನ ಮೌನ. ಇಷ್ಟರಲ್ಲಿಯೇ ಬಹುಜನರ ಸಾರ್ವಜನಿಕ ಜೀವನದ ಕಥೆ ಮುಗಿಯುವದು. ಅವರು ಅಲ್ಲಿ ಏನು ನುಡಿದರು, ಯಾರ ಸಲುವಾಗಿ ನುಡಿದರು, ಯಾವ ಭಾಷೆಯಲ್ಲಿ ನುಡಿದರು ಎಂದು ಕೇಳುವವರು ವಿರಳ. ಆದುದರಿಂದ, ಮೂರು ಸಲ ಶಾಸನಸಭೆಗೆ ಆರಿಸಿ ಬಂದರೂ ಒಂದು ದಿನವಾದರೂ ಮಂತ್ರಿಯಾಗದ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿಯೇ ತೀರಿಹೋದ ಒಬ್ಬ ಪ್ರತಿನಿಧಿಯ ಹೆಸರು ಇಂದಿಗೂ ಕನ್ನಡಿಗರ ಬಾಯಲ್ಲಿ ಉಳಿದಿರುವದೇಕೆಂದು ವಿಚಾರಿಸುವದು ಈ ವಾರ ನಮಗೆ ಅವಶ್ಯವೆಂದು ತೋರಿದೆ. ಆ ಹೆಸರು ಶ್ರೀ ಶಾಂತವೇರಿ ಗೋಪಾಲಗೌಡರದು.

ಗೋಪಾಲಗೌಡರು ಹುಟ್ಟಿದ್ದು ೧೯೨೩ನೆಯ ಇಸವಿಯ ಮಾರ್ಚ್ ೧೪ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಸಿರಿವಂತರ ಮನೆಯಲ್ಲ. ೧೯೪೨ರ ಚಲೇಜಾವ ಚಳವಳಿ ಬಂದಾಗ ಅವರಿನ್ನೂ ವಿದ್ಯಾರ್ಥಿ. ಆ ಚಳವಳಿಯಲ್ಲಿ ಸೇರಿ ಸೆರೆಮನೆ ಕಂಡರು. ಅಂದು ಸೆರೆಮನೆ ಕಂಡ ತರುಣರು ನಮ್ಮ ನಾಡಿನಲ್ಲಿ ಸಾವಿರಾರು. ಸ್ವರಾಜ್ಯ ಬಂದ ಮೇಲೆ ಅವರಲ್ಲಿ ಕೆಲವರು ಅಧಿಕಾರದ ಕಡೆಗೆ ನಡೆದರು, ಕೆಲವರು ತಮ್ಮ ಮನೆಗೆಲಸಕ್ಕೆ ಮರಳಿದರು. ಗೋಪಾಲಗೌಡರು ಸಮಾಜವಾದಿ ಪಕ್ಷವನ್ನು ಸೇರಿದರು. ಸ್ವರಾಜ್ಯವು ದಿಲ್ಲಿಗೆ ಬಂದಂತೆ ಮಲೆನಾಡಿನ ಗದ್ದೆಗೆ ಬಂದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಅದನ್ನು ನಾಡಿಗೆಲ್ಲ ತೋರಿಸಿಕೊಟ್ಟದ್ದು ಒಂದು ಕೊಳಗ. ಬಯಲುಸೀಮೆಯ ವಾಚಕರಿಗಾಗಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಸಾಗರ ತಾಲೂಕಿನ ಕಾಗೋಡು ಗ್ರಾಮದಲ್ಲಿ ಭೂಮಿ ಧಣಿಗಳದು, ದುಡಿಮೆ ಗೇಣಿದಾರರದು. ಗೇಣಿದಾರರಲ್ಲಿ ಹೆಚ್ಚಿನವರು ದೀವರ ಜನಾಂಗದವರು. ಗೇಣಿ ಸಲ್ಲುವದು ಹಣದಿಂದಲ್ಲ, ಭತ್ತದಿಂದ. ಭತ್ತವನ್ನು ಅಳೆಯುವದು ಕೊಳಗದಿಂದ. ಗೇಣಿ ಅಳೆಯುವ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದೇ ರೈತರ ದೂರು. ಕಾಗದದ ಮೇಲೆ ಇಷ್ಟು ಕೊಳಗವೆಂದು ಬರೆದ ಗೇಣಿಯು ಕಣದಲ್ಲಿ ಅಳೆಯುವಾಗ ಅದಕ್ಕೂ ಮಿಕ್ಕು ಹೋಗುವದು. ಲೆಕ್ಕ ಸರಿಯಾಗಿಯೇ ಇರುವದು, ಸಂಖ್ಯೆಯೂ ಸರಿಯಾಗಿಯೇ ಇರುವದು. ಅಳತೆಯ ಪಾತ್ರೆಯೇ ಮೋಸದ್ದಾದರೆ ಲೆಕ್ಕ ಬಲ್ಲವನಾದರೂ ಏನು ಮಾಡಬಲ್ಲನು?

ಶ್ರೀ ಎಚ್. ಗಣಪತಿಯಪ್ಪನವರು ರೈತಸಂಘವನ್ನು ಕಟ್ಟಿ ಈ ಅಳತೆಯನ್ನು ಪ್ರಶ್ನಿಸಿದರು. ಪ್ರಶ್ನಿಸಿದವರಿಗೆ ಗದ್ದೆ ತಪ್ಪಿತು. ೧೯೫೧ರ ಏಪ್ರಿಲಿನಲ್ಲಿ ಆ ರೈತರು, ತಾವು ಉತ್ತು ಬೆಳೆದ ಗದ್ದೆಗಳಿಗೆ ನೇಗಿಲು ಹೊತ್ತು ಇಳಿದು ಸೆರೆಗೆ ಹೋಗುವ ಸತ್ಯಾಗ್ರಹವನ್ನು ಆರಂಭಿಸಿದರು. ಸಮಾಜವಾದಿ ಪಕ್ಷವು ಅವರ ಬೆನ್ನಿಗೆ ನಿಂತಿತು. ಗೋಪಾಲಗೌಡರು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾಗಿ ಊರೂರು ತಿರುಗಿದರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರೇ ಅಲ್ಲಿಗೆ ಬಂದು ಸೆರೆಯಾದರು. ಅಂದಿಗೆ ಸ್ವರಾಜ್ಯ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ. ಸ್ವರಾಜ್ಯದ ಸರಕಾರವೇ ನೇಗಿಲು ಹಿಡಿದವರನ್ನು ಸೆರೆಮನೆಗೆ ಕಳಿಸಿದ ಆ ಸಂಗತಿಯನ್ನು ನಾಡು ನಾಚಿಕೆಯಿಂದ ನೆನೆಯಬೇಕು.

ಕಾಗೋಡಿನ ರೈತರಿಗೆ ಅಂದೇ ಜಯ ದೊರೆಯಿತೆಂದು ನಾವು ಹೇಳಲಾರೆವು. ಗದ್ದೆಯ ಹಕ್ಕು ಕೈಗೆ ಬರಲು ಮುಂದೆ ಬಹುಕಾಲ ಹಿಡಿಯಿತು. ಆದರೆ ೧೯೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದ ಜನರು ಗೋಪಾಲಗೌಡರನ್ನು ಮೈಸೂರು ಶಾಸನಸಭೆಗೆ ಕಳಿಸಿಕೊಟ್ಟರು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಆ ಸಭೆಯ ಸ್ಥಾನಗಳು ೯೯, ಕಾಂಗ್ರೆಸ್ಸಿಗೆ ೭೪, ಸಮಾಜವಾದಿ ಪಕ್ಷಕ್ಕೆ ೩. ಈ ಮೂರು ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಕೈ ಎತ್ತಿ ಎಣಿಸುವ ಕಾಲಕ್ಕೆ ಮೂವರ ಬೆಲೆ ಏನೂ ಇಲ್ಲ. ಮೂವರಿಗೆ ಉಳಿಯುವದು ಮಾತು ಒಂದೇ. ಆ ಮಾತನ್ನು ಗೋಪಾಲಗೌಡರು ಹೇಗೆ ಬಳಸಿದರೆಂಬುದೇ ಅವರ ಶಾಸಕಜೀವನದ ತಿರುಳು.

ಅವರು ಕನ್ನಡದಲ್ಲಿ ಮಾತಾಡಿದರು. ಇಂದು ಇದು ದೊಡ್ಡ ಸಂಗತಿಯೆಂದು ತೋರಲಿಕ್ಕಿಲ್ಲ. ಆದರೆ ಇಂಗ್ಲೀಷು ಬಲ್ಲವನೇ ಬುದ್ಧಿವಂತ, ಇಂಗ್ಲೀಷಿನಲ್ಲಿ ಮಂಡಿಸಿದ ವಾದವೇ ವಾದ ಎಂಬ ಭಾವನೆಯು ವಿಧಾನಮಂದಿರಗಳಲ್ಲಿಯೂ ಕಚೇರಿಗಳಲ್ಲಿಯೂ ಬೇರೂರಿದ್ದ ಕಾಲ ಅದು. ರೈತನ ಗೇಣಿಯ ಪ್ರಶ್ನೆಯನ್ನು ರೈತನಿಗೆ ತಿಳಿಯದ ಭಾಷೆಯಲ್ಲಿ ಚರ್ಚಿಸಿ ತೀರ್ಮಾನಿಸುವದು ಎಂತಹ ನ್ಯಾಯ? ಕಣದಲ್ಲಿ ದೊಡ್ಡ ಕೊಳಗವು ಮಾಡಿದ ಕೆಲಸವನ್ನೇ ಶಾಸನಸಭೆಯಲ್ಲಿ ಪರಭಾಷೆಯು ಮಾಡುವದೆಂದು ನಾವು ತಿಳಿಯುತ್ತೇವೆ. ಎರಡರಲ್ಲಿಯೂ ಅಳತೆಯು ಒಡೆಯನ ಕೈಯಲ್ಲಿ. ದುಡಿದವನು ನೋಡುತ್ತ ನಿಲ್ಲಬೇಕು. ಗೋಪಾಲಗೌಡರಿಗೆ ಭೂಮಿಯ ಹೋರಾಟವೂ ಭಾಷೆಯ ಹೋರಾಟವೂ ಬೇರೆ ಬೇರೆಯಾಗಿರಲಿಲ್ಲ. ಈ ಒಂದು ತಿಳಿವಳಿಕೆಯಿಂದಲೇ ಅವರು, ಕನ್ನಡದ ಅಭಿಮಾನವನ್ನು ಬರಿಯ ಉತ್ಸವದ ಮಾತಾಗಿ ಮಾಡಿದವರಿಂದ ಬೇರೆಯಾಗಿ ನಿಲ್ಲುತ್ತಾರೆ.

ಇನ್ನು ಏಕೀಕರಣದ ಪ್ರಸಂಗ. ೧೯೫೫ರ ಸಪ್ಟಂಬರದ ಕೊನೆಗೆ ಫಜಲ್ ಅಲಿ ಆಯೋಗದ ವರದಿ ಕೈಸೇರಿದಾಗ ಹಳೆಯ ಮೈಸೂರಿನಲ್ಲಿ ಎದ್ದ ಗದ್ದಲವನ್ನು ಹಿರಿಯರಿಂದ ಅನೇಕರು ಕೇಳಿರಬಹುದು. ಮುಂದುವರಿದ ಮೈಸೂರು ತನ್ನ ಬೊಕ್ಕಸವನ್ನು ಹಿಂದುಳಿದ ಜಿಲ್ಲೆಗಳಿಗೆ ಸುರಿಯಬೇಕೇ? ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೆ ಕೆಡುಕೇನು? ಹೀಗೆ ವಾದಿಸಿದವರಲ್ಲಿ ಸಣ್ಣವರೂ ಇದ್ದರು, ದೊಡ್ಡವರೂ ಇದ್ದರು. ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆಂಗಲ್ ಹನುಮಂತಯ್ಯನವರು ತಮ್ಮವರ ವಿರೋಧವನ್ನು ಲೆಕ್ಕಿಸದೆ ಏಕೀಕರಣದ ಪರವಾಗಿ ನಿಂತರೆಂಬುದನ್ನು ಕನ್ನಡನಾಡು ಮರೆಯಬಾರದು. ವಿರೋಧಪಕ್ಷದ ಸಾಲಿನಲ್ಲಿ ಕುಳಿತ ಗೋಪಾಲಗೌಡರೂ ಒಂದೇ ಕನ್ನಡ ರಾಜ್ಯದ ಪಕ್ಷದವರೇ. ಸರಕಾರವು ಹೇಳಿದ ಮಾತೆಲ್ಲವನ್ನೂ ವಿರೋಧಿಸುವದೇ ವಿರೋಧಪಕ್ಷದ ಧರ್ಮವೆಂದು ಅವರು ತಿಳಿದಿರಲಿಲ್ಲ. ನಾಡಿನ ಹಿತ ಎಲ್ಲಿದೆಯೋ ಅಲ್ಲಿಗೆ ಅವರ ಒಲವು.

೧೯೫೬ರ ನವೆಂಬರ್ ೧ರಂದು ಮುಂಬಯಿಯ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು ಜಿಲ್ಲೆಗಳು, ಮದ್ರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಕೊಡಗು, ಹಾಗೂ ಮೂರು ವರ್ಷ ಮೊದಲೇ ಬಳ್ಳಾರಿಯನ್ನು ಪಡೆದಿದ್ದ ಮೈಸೂರು ಒಂದಾದವು. ಶಾಸನಸಭೆಯು ೯೯ ಸ್ಥಾನಗಳಿಂದ ೨೦೮ ಸ್ಥಾನಗಳಿಗೆ ಬೆಳೆಯಿತು. ಆದರೆ ೧೯೫೭ರಲ್ಲಿ ಆರಿಸಿ ಬಂದ ಆ ಮೊದಲನೆಯ ವಿಶಾಲ ಸಭೆಯಲ್ಲಿ ಗೋಪಾಲಗೌಡರಿಗೆ ಸ್ಥಾನವಿರಲಿಲ್ಲ. ನಾಡು ಕೂಡಬೇಕೆಂದು ಬಯಸಿದವನು ನಾಡು ಕೂಡಿದ ಮೊದಲ ಸಭೆಯ ಹೊರಗೆ ಉಳಿದನು. ಪ್ರಜಾಪ್ರಭುತ್ವದಲ್ಲಿ ಇದು ಹೊಸದೇನಲ್ಲ. ಅವರು ಅದಕ್ಕಾಗಿ ಪಕ್ಷಾಂತರ ಮಾಡಲಿಲ್ಲ, ರಾಜಕಾರಣವನ್ನು ಬಿಟ್ಟು ಮನೆಯನ್ನೂ ಸೇರಲಿಲ್ಲ. ಜನರ ನಡುವೆಯೇ ಉಳಿದು, ೧೯೬೨ರಲ್ಲಿ ತೀರ್ಥಹಳ್ಳಿಯಿಂದ ಮರಳಿ ಸಭೆಗೆ ಬಂದರು. ೧೯೬೭ರಲ್ಲಿ ಅದೇ ಕ್ಷೇತ್ರವು ಅವರನ್ನು ಮತ್ತೊಮ್ಮೆ ಆರಿಸಿತು.

ಇಲ್ಲಿ ಏಕೀಕರಣವಾದಿಗಳಾದ ನಾವು ನಮ್ಮ ಮನಸ್ಸನ್ನೇ ಪರೀಕ್ಷಿಸಿಕೊಳ್ಳಬೇಕಾಗಿದೆ. ಏಕೀಕರಣವೆಂದರೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ನಿಲ್ಲುತ್ತಿದ್ದುದು ನಕಾಶೆ. ಗಡಿ ಎಲ್ಲಿಗೆ, ಯಾವ ತಾಲೂಕು ಬಂತು, ಯಾವದು ಹೋಯಿತು ಎಂಬ ಲೆಕ್ಕ. ಅದು ಸಣ್ಣ ಲೆಕ್ಕವಲ್ಲ. ಮಹಾಜನ ಆಯೋಗವು ೧೯೬೭ರಲ್ಲಿ ನಮ್ಮ ಪರವಾಗಿ ಶಿಫಾರಸು ಮಾಡಿದರೂ ಕಾಸರಗೋಡು ನಮ್ಮ ಗಡಿಯ ಹೊರಗೇ ಉಳಿದ ನೋವು ನಮಗಿದೆ. ಆದರೆ ಕೂಡಿಬಂದ ನಾಡಿನ ಒಳಗೆ ಏನಾಗಿತ್ತು? ಮುಂಬಯಿಯ ಜಿಲ್ಲೆಗಳಲ್ಲಿ ೧೯೪೮ರ ಗೇಣಿ ಕಾಯದೆ, ಹೈದರಾಬಾದಿನ ಜಿಲ್ಲೆಗಳಲ್ಲಿ ೧೯೫೦ರದು, ಮೈಸೂರಿನಲ್ಲಿ ೧೯೫೨ರದು. ಉಳಿದ ಭಾಗಗಳಲ್ಲಿ ಮತ್ತೆ ಬೇರೆ ಕಟ್ಟಳೆ. ತಾಯಿ ಒಬ್ಬಳೇ ಎಂದು ಹಾಡುತ್ತಿದ್ದ ನಾಡಿನಲ್ಲಿ ಉಳುವ ಮಗನಿಗೆ ಊರಿಗೊಂದು ನ್ಯಾಯ. ಶ್ರೀ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ೧೯೫೭ರಲ್ಲಿ ಸಮಿತಿ ನೇಮಕವಾಯಿತು. ಅದರ ಫಲವಾಗಿ ೧೯೬೧ರ ಭೂಸುಧಾರಣೆಯ ಕಾಯದೆ ಬಂದಿತು. ಅದು ಜಾರಿಗೆ ಬಂದದ್ದು ೧೯೬೫ರ ಅಕ್ಟೋಬರ್ ೨ರಂದು. ನಕಾಶೆಯನ್ನು ಕೂಡಿಸಲು ಒಂದು ರಾತ್ರಿ ಸಾಕಾಯಿತು. ಕೊಳಗವನ್ನು ಕೂಡಿಸಲು ಒಂಬತ್ತು ವರ್ಷ ಹಿಡಿಯಿತು. ಅಷ್ಟಾದರೂ ಗೇಣಿಪದ್ಧತಿಯ ಬೇರು ಕೀಳಲಿಲ್ಲ.

ಗೋಪಾಲಗೌಡರ ಎರಡನೆಯ ಮತ್ತು ಮೂರನೆಯ ಅವಧಿಗಳ ಕಾಲವಿದು. ಭೂಮಿ ಉಳುವವನದಾಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಬೇಕು. ಅವರ ಬೇಡಿಕೆಗಳು ಈ ಮೂರು ಮಾತುಗಳಲ್ಲಿ ಅಡಗುವವು. ೧೯೬೩ರಲ್ಲಿ ರಾಜ್ಯಭಾಷೆಯ ಕಾಯದೆ ಬಂದು ಕನ್ನಡವು ರಾಜ್ಯದ ಅಧಿಕೃತ ಭಾಷೆಯಾಯಿತು. ಆದರೆ ಕಾಯದೆಯ ಪುಸ್ತಕದಲ್ಲಿ ಪಟ್ಟವೇರಿದ ಕನ್ನಡವು ಕಚೇರಿಯ ಮೇಜಿನ ಮೇಲೆ ಬಹುಕಾಲ ಅತಿಥಿಯಾಗಿಯೇ ಉಳಿಯಿತು. ಬೆಳಗಾವಿಯವನೂ ಕಲಬುರ್ಗಿಯವನೂ ಮಂಗಳೂರಿನವನೂ ಕೂಡಿ ಕಟ್ಟಿದ ರಾಜ್ಯಕ್ಕೆ ಒಂದು ಭಾಗದ ಹೆಸರೇ ಉಳಿದದ್ದು ಏಕೀಕರಣದ ಮನಸ್ಸಿಗೆ ಒಪ್ಪುವ ಮಾತಾಗಿರಲಿಲ್ಲ. ಮೈಸೂರು ಸೀಮೆಯವರೇ ಆದ ಗೋಪಾಲಗೌಡರು ಮೈಸೂರೆಂಬ ಹೆಸರನ್ನು ಬಿಡಬೇಕೆಂದು ಕೇಳಿದರೆಂಬುದರಲ್ಲಿಯೇ ಆ ಬೇಡಿಕೆಯ ತೂಕ ಇರುವದು. ತನ್ನದನ್ನು ಬಿಟ್ಟು ಎಲ್ಲರದನ್ನು ಹಿಡಿಯುವವನೇ ನಿಜವಾದ ಏಕೀಕರಣವಾದಿ.

ಅವರ ಸುತ್ತಲಿನ ತರುಣರ ಬಳಗದಲ್ಲಿಯೂ ಈ ಬೀಜ ಮೊಳೆಯಿತು. ೧೯೬೭ರಲ್ಲಿ ಶಿವಮೊಗ್ಗೆಯಿಂದ ಲೋಕಸಭೆಗೆ ಹೋದ ಶ್ರೀ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ಸಭೆಯಲ್ಲಿ ಕನ್ನಡ ಕೇಳಿಬಂದದ್ದು ಅದೇ ಮೊದಲು. ಅದೇ ವರ್ಷ ಶ್ರೀ ಎಸ್. ಬಂಗಾರಪ್ಪನವರು ಸೊರಬದಿಂದ ಶಾಸನಸಭೆಗೆ ಬಂದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಇನ್ನೂ ಒಂದು ಸಂಗತಿ: ಕಾಗೋಡು ಗ್ರಾಮದವರೇ ಆದ ಶ್ರೀ ಕಾಗೋಡು ತಿಮ್ಮಪ್ಪನವರು ೨೦೧೩ರಲ್ಲಿ ವಿಧಾನಸಭೆಯ ಅಧ್ಯಕ್ಷಪೀಠವನ್ನು ಏರಿದರು, ಬಳಿಕ ಕಂದಾಯ ಮಂತ್ರಿಗಳೂ ಆದರು. ಗೇಣಿದಾರರು ನೇಗಿಲು ಹೊತ್ತು ಸೆರೆಗೆ ಹೋದ ಊರಿನಿಂದ ಭೂಮಿಯ ಖಾತೆಯ ಮಂತ್ರಿ ಬರುವಷ್ಟು ದೂರ ನಾಡು ನಡೆದು ಬಂದಿದೆಯೆಂದರೆ, ಆ ದಾರಿಯನ್ನು ಕಡಿದವರಲ್ಲಿ ಗೋಪಾಲಗೌಡರೂ ಒಬ್ಬರು.

ಆದರೆ ಸ್ತುತಿಪಾಠವೇ ನಮ್ಮ ಉದ್ದೇಶವಲ್ಲ. ಗೋಪಾಲಗೌಡರು ಏನು ಮಾಡಿದರು, ಯಾವ ಕಾಯದೆ ಅವರ ಹೆಸರಿನಲ್ಲಿದೆ, ಯಾವ ಕಟ್ಟಡದ ಕಲ್ಲಿನ ಮೇಲೆ ಅವರ ಹೆಸರಿದೆ ಎಂದು ಕೇಳುವವರಿದ್ದಾರೆ. ಕೇಳುವದು ತಪ್ಪಲ್ಲ. ಅವರ ಪಕ್ಷವು ಒಡೆಯಿತು, ಕೂಡಿತು, ಮತ್ತೆ ಒಡೆಯಿತು, ಹೆಸರುಗಳು ಬದಲಾದವು, ತತ್ತ್ವನಿಷ್ಠೆ ಯಾವದು, ಹಟಮಾರಿತನ ಯಾವದು ಎಂದು ಬೇರ್ಪಡಿಸುವದು ಹೊರಗಿನವರಿಗೆ ಕಷ್ಟವಾಯಿತು. ಆ ಪಕ್ಷದವರು ತಮ್ಮ ಸಿಟ್ಟನ್ನು ಜನಬಲವಾಗಿ ಕಟ್ಟಲು ಬೇಕಾದ ತಾಳ್ಮೆಯನ್ನು ತೋರಲಿಲ್ಲವೆಂಬ ಟೀಕೆಯಲ್ಲಿ ಸತ್ಯಾಂಶವಿದೆ. ಉಳುವವನೇ ಒಡೆಯನಾಗಬೇಕೆಂಬ ಮಾತನ್ನು ಸಮಾಜವಾದಿಗಳು ಆಡಿದರು; ಅದನ್ನು ಬಲವಾದ ಕಾಯದೆಯಾಗಿ ಮಾಡಿದ್ದು ಕಾಂಗ್ರೆಸ್ಸಿನ ಸರಕಾರ. ಇದನ್ನು ಮುಚ್ಚಿಡುವದರಿಂದ ಗೋಪಾಲಗೌಡರ ಗೌರವ ಹೆಚ್ಚುವದಿಲ್ಲ.

ಆದರೂ ಒಂದು ಪ್ರಶ್ನೆಯನ್ನು ನಾವು ಇದಿರು ಕೇಳುತ್ತೇವೆ. ಸಭೆಯಲ್ಲಿ ಇಪ್ಪತ್ತು ವರ್ಷ ಯಾರೂ ಆಡದ ಮಾತನ್ನು ಇಪ್ಪತ್ತೊಂದನೆಯ ವರ್ಷ ಸರಕಾರವು ಕಾಯದೆ ಮಾಡುವದೇ? ಬಿತ್ತಿದವನೊಬ್ಬ, ಕೊಯ್ದವನೊಬ್ಬ ಎಂದು ದುಃಖಿಸುವ ಕಾರಣವಿಲ್ಲ. ಬೆಳೆಯು ನಾಡಿನದಾದರೆ ಸಾಕು. ಆದರೆ ಕೊಯ್ದವನ ಹೆಸರನ್ನು ಮಾತ್ರ ಬರೆದು ಬಿತ್ತಿದವನನ್ನು ಮರೆಯುವ ಚರಿತ್ರೆಯು ಚರಿತ್ರೆಯಲ್ಲ. ಮೂವರ ಪಕ್ಷದವನೂ ನಾಡಿನ ಮನಸ್ಸನ್ನು ತಿರುಗಿಸಬಲ್ಲನೆಂಬುದು ಪ್ರಜಾಪ್ರಭುತ್ವದ ದೊಡ್ಡ ಭರವಸೆ. ಅದು ಸುಳ್ಳಾದರೆ ಶಾಸನಸಭೆಯು ಎಣಿಕೆಯ ಮನೆಯಾಗುವದೇ ಹೊರತು ವಿಚಾರದ ಮನೆಯಾಗಲಾರದು.

ಬಹುಕಾಲದ ಕಾಯಿಲೆಯ ತರುವಾಯ ಗೋಪಾಲಗೌಡರು ೧೯೭೨ರ ಜೂನ್ ೯ರಂದು ತೀರಿಕೊಂಡರು. ಆ ತರುವಾಯದ ದಿನಾಂಕಗಳನ್ನು ವಾಚಕರು ಗಮನಿಸಬೇಕು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ೧೯೭೪ರ ಮಾರ್ಚ್ ೧ರಂದು, ಶ್ರೀ ದೇವರಾಜ ಅರಸರ ಸರಕಾರದ ಕಾಲದಲ್ಲಿ, ತಿದ್ದುಪಡಿಯಾದ ಭೂಸುಧಾರಣೆಯ ಕಾಯದೆ ಜಾರಿಗೆ ಬಂದು, ಗೇಣಿದಾರರ ಅರ್ಜಿಗಳನ್ನು ಕೇಳಲು ನ್ಯಾಯಮಂಡಳಿಗಳು ಏರ್ಪಟ್ಟವು. ಎರಡು ವರ್ಷ ತುಂಬುವ ಮೊದಲೇ ಅವರ ಮೂರು ಬೇಡಿಕೆಗಳಲ್ಲಿ ಎರಡು ಈಡೇರಿದವು. ಅವರು ಮಾತ್ರ ಅದನ್ನು ಕಾಣಲಿಲ್ಲ. ೧೯೭೮ರಲ್ಲಿ ಶ್ರೀ ಯು. ಆರ್. ಅನಂತಮೂರ್ತಿಯವರು ಬರೆದ ‘ಅವಸ್ಥೆ’ ಕಾದಂಬರಿಗೆ ಅವರ ಜೀವನವೇ ಪ್ರೇರಣೆಯೆಂದು ಓದುಗರು ಗುರುತಿಸಿದರು.

ಉಳಿದದ್ದು ಮೂರನೆಯ ಬೇಡಿಕೆ. ಕನ್ನಡದ ಆಡಳಿತ. ೧೯೬೩ರ ಕಾಯದೆಗೆ ಅರವತ್ತು ವರ್ಷ ಮಿಕ್ಕಿತು. ಇನ್ನೂ ಎಷ್ಟು ಆಜ್ಞೆಗಳು, ಎಷ್ಟು ತೀರ್ಪುಗಳು, ಎಷ್ಟು ಕರಾರುಪತ್ರಗಳು ಅವಕ್ಕೆ ಒಳಪಡುವವನಿಗೇ ತಿಳಿಯದ ಭಾಷೆಯಲ್ಲಿ ಅವನ ಕೈಗೆ ಬರುತ್ತವೆ! ಗೆದ್ದ ಬೇಡಿಕೆಗಳಾದರೂ ಎಂದೆಂದಿಗೂ ಗೆದ್ದಂತಲ್ಲ. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ಭೂಸುಧಾರಣೆಯ ಕಾಯದೆಯಲ್ಲಿದ್ದ ನಿರ್ಬಂಧಗಳನ್ನು ೨೦೨೦ರ ತಿದ್ದುಪಡಿಯಿಂದ ತೆಗೆದುಹಾಕಲಾಯಿತು. ಅದು ರೈತನ ಹಿತಕ್ಕಾಗಿಯೇ ಎಂದವರೂ ಇದ್ದರು, ಅವನ ಕೊನೆಯ ಬೇಲಿಯನ್ನೂ ಕಿತ್ತಂತಾಯಿತೆಂದವರೂ ಇದ್ದರು. ನಮ್ಮ ಅಭಿಪ್ರಾಯವು ಎರಡನೆಯವರ ಕಡೆಗಿದೆ. ಹಣವುಳ್ಳವನು ಹಿಡಿದ ಕೊಳಗವು ಯಾವ ಕಾಲದಲ್ಲಿಯೂ ದೊಡ್ಡದಾಗುತ್ತಲೇ ಹೋಗುವದು. ಅದನ್ನು ಹಿಡಿದು ನಿಲ್ಲಿಸಬೇಕಾದ ಕೈ ಶಾಸನಸಭೆಯದು.

ಆ ಕೈಯನ್ನು ಆರಿಸಿ ಕಳಿಸುವವರು ನಾವೇ. ಶಾಸಕನೊಬ್ಬನು ಮತ ಕೇಳಲು ಬಂದಾಗ ಅವನು ತಂದ ರಸ್ತೆ, ಕಟ್ಟಿಸಿದ ಕಟ್ಟಡ, ಕೊಡಿಸಿದ ನೌಕರಿ ಇವನ್ನು ಎಣಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅವು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಅವನ್ನು ಎಣಿಸಿದ ಮೇಲೆ ಇನ್ನೂ ಮೂರು ಪ್ರಶ್ನೆಗಳನ್ನು ಕೇಳಬೇಕು. ಸಭೆಯಲ್ಲಿ ಯಾರ ಪರವಾಗಿ ಬಾಯಿ ಬಿಟ್ಟಿರಿ? ಅವರಿಗೆ ತಿಳಿಯುವ ಭಾಷೆಯಲ್ಲಿ ಬಿಟ್ಟಿರಾ? ನಿಮ್ಮ ಪಕ್ಷಕ್ಕೆ ನಷ್ಟವಾಗುವ ಯಾವ ಸತ್ಯವನ್ನು ಆಡಿದಿರಿ? ಈ ಕೊಳಗದಿಂದ ಅಳೆದರೆ ಅನೇಕ ದೊಡ್ಡ ಹೆಸರುಗಳು ಅರ್ಧಕ್ಕೆ ಇಳಿಯುವವು. ಕೆಲವು ಸಣ್ಣ ಹೆಸರುಗಳು ತುಂಬಿ ಚೆಲ್ಲುವವು.

ಶಾಲೆಯ ಗುರುಗಳಲ್ಲಿ ನಮ್ಮದೊಂದು ವಿನಂತಿ. ನವೆಂಬರ್ ಒಂದರಂದು ಮಕ್ಕಳಿಗೆ ನಕಾಶೆಯನ್ನು ತೋರಿಸಿ ಜಿಲ್ಲೆಗಳ ಹೆಸರನ್ನು ಹೇಳಿಸುವದು ಸರಿಯೇ. ಅದರ ಜತೆಗೆ ಕಾಗೋಡಿನ ಕೊಳಗದ ಕಥೆಯನ್ನೂ ಹೇಳಿರಿ. ನಾಡು ಕೂಡಿದ್ದೇಕೆ, ಯಾರಿಗಾಗಿ ಎಂಬುದು ಮಕ್ಕಳಿಗೆ ಅದರಿಂದ ಬೇಗನೆ ತಿಳಿಯುವದು. ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪದ ವೃತ್ತಕ್ಕೆ ಗೋಪಾಲಗೌಡರ ಹೆಸರಿಟ್ಟಿದ್ದಾರೆ. ವಿಧಾನಸೌಧಕ್ಕೆ ಹೋಗುವ ಬರುವ ವಾಹನಗಳು ಆ ವೃತ್ತವನ್ನು ಸುತ್ತುತ್ತಲೇ ಇರುವವು. ಒಳಗೆ ಕುಳಿತವರು ಒಂದು ದಿನ ವಾಹನದಿಂದ ಇಳಿದು, ಆ ಹೆಸರನ್ನು ಓದಿ, ತಮ್ಮ ಅಳತೆ ಎಷ್ಟೆಂದು ತಾವೇ ಕೇಳಿಕೊಂಡು ಸಭೆಗೆ ನಡೆದುಹೋಗಲೆಂದು ನಾವು ಹಾರೈಸುತ್ತೇವೆ.